ಉದ್ದನೆಯ ಲೆನ್ಸ್

“ಕಬಡ್ಡಿಗೆ ಯಾವ ಲೆನ್ಸ್ ತಗೊಂಡೋಗ್ಲಿ, ನೀವೇ ಯೋಳ್ಬೇಕು ಕಣಕ್ಕ,” ಎನ್ನುತ್ತ ಸುಚಿತ್ರಾ ಸ್ಟುಡಿಯೊ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. “ಬಾಡಿಗೆಗೆ ಎರಡವೆ. ಒಂದು ಗಿಡ್ಡಂದು, ಒಂದು ಉದ್ದಂದು. ಮದ್ವೆ ಮನೆ ಬುಟ್ರೆ ನಂಗೆ ಬೇರೆ ಏನ್ ಗೊತ್ತು?”

ಆಲ್ಬಮ್ಮಿನ ಹಾಳೆ ಅಂಟಿಸುತ್ತಿದ್ದ ಭಾನುಪ್ರಿಯಳ ಕೈ ಹಾಗೇ ನಿಂತಿತು. ಬೈರಾಪಟ್ಟಣದ ಕಬಡ್ಡಿಯ ಫೋಟೊ ಅಂದರೆ ಚನ್ನಪಟ್ಟಣದಲ್ಲಿ ಅವಳದೇ ಅಂತ ಆಗಿಹೋಗಿತ್ತು. ಪ್ರತಿ ಸಲವೂ ಪಂದ್ಯ ನಡೆಸುವ ಗಂಗಣ್ಣನವರು ತಾವೇ ಬಂದು ಹೇಳಿಹೋಗುತ್ತಿದ್ದರು. ಈ ಸಲ ಬಂದಿರಲಿಲ್ಲ. ಪಾಪ, ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು ಅಂದುಕೊಂಡಿದ್ದಳು. ಈಗ ನೋಡಿದರೆ, ಮೊನ್ನೆ ಮೊನ್ನೆಯವರೆಗೆ ತನ್ನ ಹತ್ತಿರವೇ ಕೆಲಸಕ್ಕಿದ್ದವಳು, ಕ್ಯಾಮೆರಾ ಹಿಡಿಯುವುದನ್ನು ತನ್ನಿಂದಲೇ ಕಲಿತವಳು, ಆ ಪಂದ್ಯವನ್ನು ಗಿಟ್ಟಿಸಿಕೊಂಡು ಎದುರಿಗೆ ನಿಂತಿದ್ದಾಳೆ. ಅದೂ ಸಲಹೆ ಕೇಳಿಕೊಂಡು!

“ಗಂಗಣ್ಣ ನಿನ್ನ ಕರೆದ್ರಾ?”

“ಹ್ಞೂಂ ಕಣಕ್ಕ. ನಾನು ತೆಗ್ದಿದ್ ಫೋಟೊದಾಗೆ ಜೀವ ಐತಂತೆ. ನಂಗೇ ನಗು ಬಂದ್ಬುಡ್ತು.”

ಭಾನುಪ್ರಿಯಳ ಫೋಟೊಗಳನ್ನು ಜನ ‘ಕ್ಲಿಯರಾಗವೆ’ ಅನ್ನುತ್ತಿದ್ದರು. ‘ಟೈಮಿಗೆ ಸರಿಯಾಗಿ ಕೊಡ್ತಾರೆ’ ಅನ್ನುತ್ತಿದ್ದರು. ಜೀವದ ಮಾತನ್ನು ಯಾರೂ ಎತ್ತಿರಲಿಲ್ಲ. ಆ ಆಟ ಕಾವೇರುವುದೇ ಹೊತ್ತಿಳಿದ ಮೇಲೆ. ಅಲ್ಲಿ ಕಟ್ಟುವ ಲೈಟುಗಳು ಹೆಸರಿಗಷ್ಟೆ. ಇರುವ ಚೂರು ಬೆಳಕನ್ನೂ ಬಾಚಿ ಒಳಗೆಳೆದುಕೊಳ್ಳುವ ಗಿಡ್ಡ ಲೆನ್ಸೇ ಅದಕ್ಕೆ ಬೇಕು. ಉದ್ದದ್ದು ಬಿಸಿಲಿನ ಕ್ರಿಕೆಟ್ಟಿಗೆ ಸರಿ, ಮಬ್ಬಿನಲ್ಲಿ ನುಗ್ಗುವವನನ್ನು ಹಿಡಿಯಲಾರದು. ಮದುವೆ ಮನೆಯ ಫೋಕಸ್ ಲೈಟಿನಲ್ಲಿ ಕೆಲಸ ಕಲಿತ ಸುಚಿತ್ರಾಳಿಗೆ ಬೆಳಕಿನ ಬಡತನ ಗೊತ್ತಿರಲಿಲ್ಲ.

“ಉದ್ದಂದೇ ತಗೊ,” ಅಂದಳು ಭಾನುಪ್ರಿಯ. “ದೂರದಿಂದ್ಲೇ ಮುಖ ಸಿಗ್ತದೆ. ಆಟಗಾರ್ರು ಮೈಮೇಲೆ ಬೀಳೋ ಭಯಾನೂ ಇರಲ್ಲ.” ಆಡಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಅವಳಿಗೆ ಅದೇ ಧೈರ್ಯ.

“ನೀವು ಯೋಳಿದ್ ಮೇಲೆ ಇನ್ನೇನೈತೆ!” ಎಂದು ಸುಚಿತ್ರಾ ಅವಳ ಕೈ ಹಿಡಿದು ಅಲ್ಲಾಡಿಸಿ ಹೋದಳು.

ಪಂದ್ಯದ ದಿನ ಭಾನುಪ್ರಿಯಳಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಹೋಗಿ ಹಗ್ಗದ ಪಕ್ಕ, ಜನರ ಮುಂದೆಯೇ ನಿಂತಳು. ಅಂಕಣದ ಆಚೆ ಬದಿಗೆ ಸುಚಿತ್ರಾ. ಬಿಸಿಲಿರುವವರೆಗೆ ಅವಳು ಕುಣಿಕುಣಿದು ತೆಗೆಯುತ್ತಿದ್ದಳು. ಹೊತ್ತು ಮುಳುಗಿತು, ಲೈಟು ಹಾಕಿದರು. ಸುಚಿತ್ರಾ ಒಂದು ಫೋಟೊ ತೆಗೆದು ಸ್ಕ್ರೀನ್ ನೋಡಿದಳು. ಇನ್ನೊಂದು ತೆಗೆದಳು, ಮತ್ತೆ ನೋಡಿದಳು. ಆಮೇಲೆ ಜನರನ್ನು ಸರಿಸಿಕೊಂಡು, ಅಂಕಣ ಸುತ್ತಿ ಓಡಿಬಂದಳು.

“ಅಕ್ಕ, ಎಲ್ಲಾ ಶೇಕಾಗ್ತಾವೆ. ಒಬ್ಬಂದೂ ಮುಖ ಬರ್ತಿಲ್ಲ. ಫ್ಲ್ಯಾಶ್ ಹಾಕಿದ್ರೆ ರೆಫ್ರಿ ಬಯ್ತಾರೆ. ಒಸಿ ನೋಡಿ, ಏನ್ಮಾಡ್ಲಿ?” ದನಿ ಅಳುವಿಗೆ ಬಂದಿತ್ತು.

ಭಾನುಪ್ರಿಯಳ ಹೆಗಲ ಚೀಲದಲ್ಲಿ ಅವಳ ಸ್ವಂತ ಗಿಡ್ಡ ಲೆನ್ಸ್ ಇತ್ತು. ಸುಚಿತ್ರಾಳ ಕ್ಯಾಮೆರಾಕ್ಕೆ ಅದು ಹೊಂದುತ್ತಿತ್ತು. ಕೊಡಲು ಒಂದು ಗಳಿಗೆ ಸಾಕಿತ್ತು. ಅವಳು ಚೀಲವನ್ನು ಕಂಕುಳಿಗೆ ಒತ್ತಿಕೊಂಡಳು.

“ಈ ಲೈಟಲ್ಲಿ ಯಾರು ತೆಗೆದ್ರೂ ಅಷ್ಟೇ ಕಣೆ. ಸ್ಟ್ಯಾಂಡ್ ಹಾಕ್ಕೊಂಡು ನೋಡು.”

ಸ್ಟ್ಯಾಂಡ್ ಹಾಕಿದರೆ ಕ್ಯಾಮೆರಾ ನಿಲ್ಲುತ್ತದೆ, ಓಡುವ ಆಟಗಾರ ನಿಲ್ಲುವುದಿಲ್ಲ. ಅದನ್ನು ಅವಳು ಹೇಳಲಿಲ್ಲ. ಸುಚಿತ್ರಾ ಮತ್ತೆ ಆಚೆ ಬದಿಗೆ ಹೋಗಿ ಸ್ಟ್ಯಾಂಡ್ ನೆಟ್ಟಳು. ಕಡೆಯ ರೈಡಿಗೆ ಊರಿಗೆ ಊರೇ ಎದ್ದು ಕೂಗಿತು. ಅವಳು ಬಗ್ಗಿ ಕ್ಯಾಮೆರಾದೊಳಗೆ ಕಣ್ಣಿಟ್ಟು ಒತ್ತಿದಳು, ಸ್ಕ್ರೀನ್ ನೋಡಿದಳು, ಮುಂಗೈಯಿಂದ ಮುಖ ಒರೆಸಿಕೊಂಡಳು, ಮತ್ತೆ ಒತ್ತಿದಳು. ಯಾರು ಗೆದ್ದರೋ ಭಾನುಪ್ರಿಯ ಗಮನಿಸಲಿಲ್ಲ. ಬಹಳ ದಿನದಿಂದ ಕಟ್ಟಿಕೊಂಡಿದ್ದ ಎದೆ ಹಗುರಾದಂತಿತ್ತು.

ಮರುವಾರ ಸುಚಿತ್ರಾ ಕಾಗದದಲ್ಲಿ ಸುತ್ತಿದ ದೊಡ್ಡ ಪ್ರಿಂಟೊಂದನ್ನು ಹಿಡಿದು ಸ್ಟುಡಿಯೊಕ್ಕೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಗಂಗಣ್ಣ ಬಾಯಿಗೆ ಬಂದಂಗೆ ಬಯ್ದ್ರು ಕಣಕ್ಕ. ಮುಂದ್ಲೊರ್ಷ ನಿಮ್ಮುನ್ನೇ ಕರೀತಾರಂತೆ.”

“ಅಯ್ಯೋ, ಹೋಗ್ಲಿ ಬುಡು. ಮೊದಲ್ನೇ ಸಲ ಎಲ್ರಿಗೂ ಹಂಗೇ ಆಗೋದು,” ಎಂದಳು ಭಾನುಪ್ರಿಯ. ದನಿಯಲ್ಲಿ ಕನಿಕರ ತಂದುಕೊಳ್ಳುವುದು ಅವಳಿಗೆ ಕಷ್ಟವಾಗಲಿಲ್ಲ.

“ಎಲ್ಲಾ ಅಳಿಸ್ಬುಟ್ಟೆ. ಇದೊಂದನ್ನ ಅಳಿಸಕ್ಕೆ ಮನಸು ಬರ್ಲಿಲ್ಲ. ಎಲ್ರೂ ಕುಣೀತಿದ್ರು, ಯಾರೂ ನೆಟ್ಟಗೆ ಬಂದಿಲ್ಲ. ನೀವೊಬ್ರೇ ಅಲ್ಲಾಡ್ದಲೆ ನಿಂತಿದ್ರಿ.” ಪ್ರಿಂಟನ್ನು ಮೇಜಿನ ಮೇಲಿಟ್ಟು ಸುಚಿತ್ರಾ ಚಪ್ಪಲಿ ಮೆಟ್ಟಿದಳು. ‘ಬತ್ತೀನಿ’ ಎಂದೂ ಹೇಳದೆ ರಸ್ತೆಗಿಳಿದಳು.

ಭಾನುಪ್ರಿಯ ಕಾಗದ ಬಿಡಿಸಿದಳು. ಆಟಗಾರರು ಕೆಂಪು ನೀಲಿ ಗೆರೆಗಳಾಗಿ ಹರಿದುಹೋಗಿದ್ದರು. ಹಿಂದೆ ನೂರಾರು ಕೈ, ತೆರೆದ ಬಾಯಿ, ಎಲ್ಲ ಕಲಸಿಹೋಗಿತ್ತು. ಆ ಕಲಸುಮೇಲೋಗರದ ನಡುವೆ ಒಬ್ಬ ಹೆಂಗಸು ಹುಬ್ಬಿನ ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿದ್ದಳು. ಅವಳ ಕಣ್ಣು ಆಟದ ಮೇಲಿರಲಿಲ್ಲ. ನೇರವಾಗಿ ಕ್ಯಾಮೆರಾದ ಹಿಂದಿರುವವಳನ್ನೇ ನೋಡುತ್ತ, ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, ನಗುತ್ತಿದ್ದಳು.