ಅಪ್ಪನ ಹಾಡಿಗೆ ಪಕ್ಕವಾದ್ಯ

ಮೂರನೇ ಸಲವೂ ಕೀಬೋರ್ಡು ಮುಂದೆ ಓಡಿತು, ಅಪ್ಪ ಹಿಂದೆ ಉಳಿದರು. ಎರಡನೇ ಸಾಲಿನ ಒಂದು ಮಾತಿಗೆ ಅವರ ನಾಲಿಗೆ ತಡಕಾಡುತ್ತಿರುವಾಗಲೇ ಡ್ರಮ್ಮು, ಗಿಟಾರು, ಪಿಟೀಲುಗಳ ಪಟಾಲಮ್ಮು ಎಲ್ಲೋ ಹೋಗಿಬಿಟ್ಟಿತ್ತು. ಅಪ್ಪ ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗಿ ಕೂತರು.

ಪಾರ್ಶ್ವವಾಯು ಹೊಡೆದು ಅವರ ಮಾತು ನಿಂತೇ ಹೋಗಿತ್ತು. "ಹಾಡಿಸಿ ನೋಡಿ," ಎಂದಿದ್ದರು ಮಾತು ಕಲಿಸುವ ಡಾಕ್ಟರಮ್ಮ. "ಕೆಲವರಿಗೆ ಮಾತು ಹೋದ್ರೂ ಹಾಡು ಉಳಿದಿರುತ್ತೆ. ಅದರ ಬೆನ್ನು ಹಿಡಿದು ಮಾತೂ ಬರಬಹುದು." ಮಗಳಿಗೆ ಹೋದ ಜೀವ ಬಂದಂತಾಗಿತ್ತು. ಮದುವೆ ಮನೆಗಳಲ್ಲಿ ಕೀಬೋರ್ಡು ನುಡಿಸಿ ಹೆಸರು ಮಾಡಿದವಳಿಗೆ ಅಪ್ಪನನ್ನು ಹಾಡಿಸುವುದೇನು ಮಹಾ? ಗುಂಡಿ ಒತ್ತಿದರೆ ತಾಳ, ಎಡಗೈಯ ಒಂದು ಬೆರಳಿಟ್ಟರೆ ಇಡೀ ವಾದ್ಯಗೋಷ್ಠಿ.

"ವೇಗ ಇನ್ನೂ ಇಳಿಸ್ತೀನಿ," ಎಂದಳು.

ಬಾಗಿಲಲ್ಲಿ ಅಪ್ಪನ ಅಕ್ಕ ನಿಂತಿದ್ದರು. ಹಾರ್ಮೋನಿಯಂ ಪಾಠ ಹೇಳಿಯೇ ಕೂದಲು ಬೆಳ್ಳಗಾದ ಹೆಂಗಸು. ಮಾತು ಕಡ್ಡಿ ಮುರಿದ ಹಾಗೆ. "ಎಷ್ಟು ಇಳಿಸಿದ್ರೂ ಅಷ್ಟೇ ಕಣೇ. ನಿಮ್ಮಪ್ಪ ಒಂದು ಮಾತಿನ ಹತ್ರ ನಿಲ್ತಾನೆ, ಮುಂದಿನ ಎರಡನ್ನ ಓಡಿ ದಾಟ್ತಾನೆ. ಆ ಯಂತ್ರಕ್ಕೇನು ಗೊತ್ತಾಗುತ್ತೆ, ಪಾಪ? ನಿಲ್ಲಿಸು ತಾಳಾನ."

"ನಿಲ್ಲಿಸಿದ್ರೆ ನನ್ನ ಹತ್ರ ಇನ್ನೇನಿದೆ ಅತ್ತೆ?" ಮಗಳ ದನಿ ಸಣ್ಣದಾಯಿತು. "ಎಡಗೈ ನುಡಿಸೋಕೆ ನಂಗೆ ಬರಲ್ಲ. ಯಾವ ಹಾಡಿಗೂ ಬರಲ್ಲ." ಅಷ್ಟೊಂದು ಚಪ್ಪಾಳೆ ಗಿಟ್ಟಿಸಿದವಳಿಗೆ ಇದನ್ನು ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಬರಲ್ಲ ಅಂದ್ರೆ ಕಲಿ. ಬೆಳಿಗ್ಗೆ ಮನೆಗೆ ಬಾ."

ಮರುದಿನದಿಂದ ಅತ್ತೆಯ ಮುಂದೆ ಹೊಸದಾಗಿ ಸರಿಗಮ ಹಿಡಿದು ಕೂತಳು. ಬೆರಳು ಎಡವಿದಾಗಲೆಲ್ಲ ಬೈಗುಳ. "ಕೈ ನೋಡ್ಬೇಡ, ನನ್ನ ಬಾಯಿ ನೋಡು. ನಾನು ಉಸಿರೆಳೆದಾಗ ನೀನೂ ಎಳಿ." ಅತ್ತೆ ಹಾಡುತ್ತ ಹಾಡುತ್ತ ಬೇಕೆಂದೇ ಎಲ್ಲೆಲ್ಲೋ ನಿಂತುಬಿಡುತ್ತಿದ್ದರು, ಇವಳು ಕಾಯಬೇಕು. ಕಾಯುವುದೂ ಒಂದು ವಿದ್ಯೆ ಅಂತ ಅವಳಿಗೆ ಯಾವ ಗುಂಡಿಯೂ ಹೇಳಿಕೊಟ್ಟಿರಲಿಲ್ಲ.

ಹೀಗೇ ಚಳಿಗಾಲ ಕಳೆಯಿತು. ಒಂದು ಭಾನುವಾರ, ಅತ್ತೆಯೂ ಎದುರಿಗಿದ್ದಾಗ, ತಾಳದ ಗುಂಡಿ ಮುಟ್ಟದೆ ಅಪ್ಪನ ತುಟಿಯನ್ನೇ ನೋಡುತ್ತ ಶುರು ಮಾಡಿದಳು. ಎರಡನೇ ಸಾಲಿನಲ್ಲಿ ಅಪ್ಪ ಸಿಕ್ಕಿಕೊಂಡರು. ಅವಳು ಸ್ವರ ಬಿಡದೆ ಕಾದಳು. ಸ್ವಲ್ಪ ಹೊತ್ತಲ್ಲ, ಬಹಳ ಹೊತ್ತು. ಮಾತು ಬಂತು. ಅದರ ಹಿಂದೆಯೇ ಇನ್ನೊಂದು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ಕಣ್ಣು ತುಂಬಿ, ಬೆರಳು ಜಾರಿ, ಅಪಸ್ವರ ಬಿತ್ತು.

ಅಪ್ಪ ಹಾಡು ನಿಲ್ಲಿಸಿ ಹುಬ್ಬು ಗಂಟಿಕ್ಕಿದರು. "ತ... ತಪ್ಪು," ಎಂದರು. ಹಾಡಿನ ಮಾತಲ್ಲ ಅದು, ಅವರದೇ ಮಾತು. "ತಪ್ಪು ನುಡಿಸ್ದೆ."

ಅತ್ತೆ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಮಗಳು ಅಪ್ಪನ ಮೊಣಕಾಲು ಹಿಡಿದುಕೊಂಡು ಅಳುತ್ತಲೇ ನಕ್ಕಳು.

"ಇನ್ನೊಂದ್ಸಲ ಬಯ್ಯಪ್ಪಾ."