ಬೋದಿಲಮ್ಮನ ಬಿಲ್ಲೆ

ದಡದ ಚೀಲದಲ್ಲಿ ಒಂದು ಲೈಫ್ ಜಾಕೆಟ್ ಉಳಿದಿತ್ತು. ದೋಣಿಯಿಂದಿಳಿದು ಗುಡ್ಡ ಹತ್ತುವವರು ಜಾಕೆಟ್ ಕಳಚಿ ಅದರಲ್ಲಿ ಹಾಕಬೇಕು, ಹಡಗಿಗೆ ಮರಳುವಾಗ ತೊಟ್ಟುಕೊಳ್ಳಬೇಕು. ಎಲ್ಲರೂ ಹೋಗಿದ್ದರೆ ಚೀಲ ಬರಿದಾಗಿರಬೇಕಿತ್ತು. ಕೋವಿ ಹೆಗಲಿಗೇರಿಸಿ ನಿಂತಿದ್ದ ಮಾರ್ಗದರ್ಶಿ ಹಾಲ್ದಿಸ್ ವಾಕಿಟಾಕಿ ಎತ್ತಿಕೊಂಡಳು.

"ಐವಿಂದ್, ಹಲಗೆ ನೋಡು. ಯಾರೋ ಒಬ್ರು ಬಂದಿಲ್ಲ," ಎಂದಳು ಹಡಗಿನಲ್ಲಿದ್ದ ಜೊತೆಗಾರನಿಗೆ.

ಹಡಗಿನ ಬಾಗಿಲಲ್ಲಿರುವ ಆ ಹಲಗೆಯ ಮೇಲೆ ಪ್ರತಿಯೊಬ್ಬರಿಗೂ ಒಂದು ಬಿಲ್ಲೆ. ಇಳಿಯುವಾಗ ಕೆಂಪು ಮಗ್ಗುಲು, ಹತ್ತಿದ ಮೇಲೆ ಹಸಿರು. ಅವರವರದನ್ನು ಅವರವರೇ ತಿರುಗಿಸಬೇಕು.

"ಎಲ್ಲಾ ಹಸಿರೇ ಇದೆ ಕಣೇ. ಬೇಗ ಬಾ ಮಾರಾಯ್ತಿ, ಮಂಜು ಇಳೀತಿದೆ. ಕೊಲ್ಲಿ ಆಚೆ ಹಿಮಕರಡಿ ಬೇರೆ ಕಾಣಿಸ್ಕೊಂಡಿದೆ. ನೀನೇ ಒಂದು ಜಾಕೆಟ್ ಜಾಸ್ತಿ ತಂದಿರ್ತೀಯ."

"ಎಣಿಸಿ ತಂದಿದ್ದೀನಿ. ಹಲಗೆ ಮನೆ ಹಾಳಾಗ್ಲಿ, ಹೆಸರು ಕೂಗಿ ಒಬ್ಬೊಬ್ಬರ ಮುಖ ನೋಡು."

ಹತ್ತು ನಿಮಿಷ ಕಳೆಯಿತು. ಅಷ್ಟರಲ್ಲಿ ಗುಡ್ಡದ ನೆತ್ತಿ ಮಂಜಿನಲ್ಲಿ ಮುಚ್ಚಿಹೋಯಿತು. ಮತ್ತೆ ಬಂದ ಐವಿಂದ್‌ನ ದನಿಯಲ್ಲಿ ಹುಡುಗಾಟವಿರಲಿಲ್ಲ.

"ಬೋದಿಲ್. ಆ ಡೆನ್ಮಾರ್ಕಿನ ಅಜ್ಜಿ. ಗಂಡ ಕಯಾಕ್ ದೋಣಿಲಿ ಸುತ್ತಾಟ ಮುಗಿಸಿ ಬಂದೋನು, ತನ್ನ ಬಿಲ್ಲೆ ಜೊತೆ ಅವಳದ್ದನ್ನೂ ತಿರುಗಿಸಿಬಿಟ್ಟಿದ್ದಾನೆ! 'ಅವಳಿಗೆ ಮರೆವು ಜಾಸ್ತಿ, ಹೇಗೂ ಹಿಂದೇನೇ ಬರ್ತಾಳಲ್ಲ' ಅಂತಾನೆ. ತಿರುಗಿಸಿ ಎರಡು ಗಂಟೆಯಾಯ್ತಂತೆ. ಸೂಪ್ ಕುಡೀತಾ ಕೂತಿದ್ದ."

ಗುಡ್ಡ ಹತ್ತಿದ್ದವು ಎರಡು ಗುಂಪು. ದೂರ ನಡೆದವರು ಅವಳು ಹತ್ತಿರದ ಗುಂಪಿನಲ್ಲಿದ್ದಾಳೆಂದುಕೊಂಡಿದ್ದರು, ಹತ್ತಿರದವರು ದೂರದ ಗುಂಪಿನಲ್ಲೆಂದು. ಒಬ್ಬಳೇ ಹೋಗಬಾರದೆಂಬ ನಿಯಮವನ್ನು ಗಾಳಿಗೆ ತೂರಿ ಹಾಲ್ದಿಸ್ ಗುಡ್ಡ ಹತ್ತಿದಳು. ಮೇಲೆಲ್ಲೋ ಕಲ್ಲುಗಳು ಉರುಳಿದವು. ಮಂಜಿನಲ್ಲಿ ಬೆಳ್ಳಗೆ ಏನೋ ಅಲುಗಿತು. ಅವಳು ಕೋವಿ ಎತ್ತಿದಳು.

"ಯಾರದು? ಬೋದಿಲಮ್ಮಾ?"

"ಇಲ್ಲಿದ್ದೀನಮ್ಮಾ! ಕಾಲು ಉಳುಕಿಬಿಟ್ಟಿದೆ." ಅಲುಗಿದ್ದು ಅಜ್ಜಿಯ ಉಣ್ಣೆಯ ಟೋಪಿ.

ಸಿಕ್ಕಳೆಂದು ಹಡಗಿಗೆ ತಿಳಿಸಿ, ಅಜ್ಜಿಯನ್ನು ಆತುಕೊಂಡು ಕೆಳಗಿಳಿಸಿ ದೋಣಿಯಲ್ಲಿ ಕೂರಿಸುವಷ್ಟರಲ್ಲಿ ಹಾಲ್ದಿಸ್‌ಗೆ ಅಳುವೇ ಬಂದಿತ್ತು. ಅಜ್ಜಿಯ ತುಟಿ ನೀಲಿಗಟ್ಟಿತ್ತು, ಮುಖ ಮಾತ್ರ ಗೆಲುವಾಗಿತ್ತು.

"ನಂಗೆ ಭಯಾನೇ ಆಗ್ಲಿಲ್ಲ ಕಣಮ್ಮ. ನಲವತ್ತು ವರ್ಷದ ಸಂಸಾರ ನಮ್ದು. ನಾನು ಕಾಣ್ತಿಲ್ಲ ಅಂದ್ರೆ ಅವರು ಇಡೀ ಹಡಗನ್ನೇ ತಲೆ ಮೇಲೆ ಹೊತ್ಕೊಂಡಿರ್ತಾರೆ ಅಂತ ಗೊತ್ತಿತ್ತು. ಪಾಪ, ನಮ್ಮವರು ತುಂಬಾ ಗಾಬರಿಯಾಗಿದ್ರಾ?"

ವಾಕಿಟಾಕಿ ಗೊರಗುಟ್ಟಿತು. ಐವಿಂದ್ ಬಾಯಿ ತೆರೆಯುವ ಮೊದಲೇ ಹಾಲ್ದಿಸ್ ಅದನ್ನು ಆರಿಸಿದಳು.

"ಹೂಂ ಅಮ್ಮಾ," ಎಂದಳು.