ಪ್ಲಾಸ್ಟಿಕ್ ಹುಲ್ಲಿನ ಸೆಲೆ

ಹುಲ್ಲಿನ ಮೂಲೆ ಎತ್ತಿದೊಡನೆ ಮೂಗಿಗೆ ಬಡಿದ ವಾಸನೆ ಯಲ್ಲಪ್ಪನಿಗೆ ಬಾಲ್ಯದಿಂದ ಪರಿಚಿತ. ರೋಣದ ಕಡೆಯ ಎರೆಹೊಲದಲ್ಲಿ ಎಮ್ಮೆ ಹೊರಳಿ ಎದ್ದುಹೋದ ಮೇಲೆ ಉಳಿಯುತ್ತಿದ್ದ ಕೆಸರಿನ ವಾಸನೆ ಅದು. ಬೆಂಗಳೂರಿನ ಬ್ಯಾಡರಹಳ್ಳಿಯಲ್ಲಿ, ಪ್ಲಾಸ್ಟಿಕ್ ಹುಲ್ಲಿನ ಕೆಳಗೆ ಅದಕ್ಕೇನು ಕೆಲಸ?

"ಮತ್ತೆ ಒದ್ದೆ!" ಎಂದರು ಕಾಂತರಾಜು, ಟಿಶ್ಯೂ ಕಾಗದವನ್ನು ಹುಲ್ಲಿಗೆ ಒತ್ತಿ, ಎತ್ತಿ, ಬೆಳಕಿಗೆ ಹಿಡಿದು. ಮನೆಯ ಯಜಮಾನರಾದ ಅವರು ದಿನಾ ಒಂದು ಗಂಟೆಗೆ ತಮ್ಮ ಹಾರ್ಡ್‌ವೇರ್ ಅಂಗಡಿಯಿಂದ ಊಟಕ್ಕೆ ಬಂದು, ಶೂ ಬಿಚ್ಚಿ, ಕಾಲುಚೀಲದಲ್ಲೇ ಅಂಗಳವನ್ನೆಲ್ಲ ಹೀಗೆ ಪರೀಕ್ಷಿಸುತ್ತಿದ್ದರು.

ಮನೆ ಕಟ್ಟಿದ್ದು ಹಳೇ ಗದ್ದೆಯ ಮೇಲೆ. ಕೆಳಗೆ ಬರೀ ಜೇಡಿಮಣ್ಣು. ಮೊದಲು ಬಂದ ಕೆಲಸದವರು ಅದರ ಮೇಲೇ ಹುಲ್ಲು ಹಾಸಿ ಹೋಗಿದ್ದರಿಂದ ಕಳೆದ ಮಳೆಗಾಲದಲ್ಲಿ ಅಂಗಳದಲ್ಲಿ ಕಪ್ಪೆಗಳು ಸಂಸಾರ ಹೂಡಿದ್ದವು. ಯಲ್ಲಪ್ಪ ಎಲ್ಲವನ್ನೂ ಕಿತ್ತು, ಕಾಲುವೆ ತೋಡಿ, ತೂತಿನ ಪೈಪು ಇಟ್ಟು, ಜಲ್ಲಿ ತುಂಬಿ, ಇಳಿಜಾರು ಕೊಟ್ಟು, ಮತ್ತೆ ಹಾಸಿದ್ದ. ಇಪ್ಪತ್ತು ಬಿಂದಿಗೆ ಸುರಿದು ತೋರಿಸಿದಾಗ ಹತ್ತು ನಿಮಿಷದಲ್ಲಿ ನೀರು ಮಾಯ. ಇನ್ನು ಅಂಚುಗಳನ್ನು ಕೂರಿಸುವ ಒಂದು ವಾರದ ಕೆಲಸವಷ್ಟೇ ಉಳಿದಿತ್ತು.

ಮೇ ತಿಂಗಳು. ಎಂಟು ದಿನದಿಂದ ಒಂದು ಹನಿ ಮಳೆಯಿಲ್ಲ. ಆದರೂ ದಿನಾ ಮಧ್ಯಾಹ್ನ ಎರಡಡಿ ಅಗಲದ ಒಂದು ಪಟ್ಟಿ ಒದ್ದೆ: ಗೇಟಿನಿಂದ ನಲ್ಲಿಗೆ, ನಲ್ಲಿಯಿಂದ ಜಲ್ಲಿ ಗುಡ್ಡೆಗೆ, ಅಲ್ಲಿಂದ ಹೊಂಗೆಮರದ ನೆರಳಿಗೆ.

"ಶನಿವಾರದೊಳಗೆ ಒಣಗ್ಲಿಲ್ಲ ಅಂದ್ರೆ ಎಲ್ಲಾ ಕಿತ್ತು ಹೊಸದಾಗಿ ಹಾಕ್ಬೇಕು ನೀವು. ಫೋಟೋ ತೆಗೆದು ಲೇಔಟ್ ಗ್ರೂಪಿಗೂ ಹಾಕ್ತೀನಿ."

ಗ್ರೂಪಿನಲ್ಲಿ ಇನ್ನೂರು ಮನೆ. ಅದೇ ಬೀದಿಯ ಮೂರು ಮನೆಯವರು ಈ ಅಂಗಳ ಏನಾಗುತ್ತದೋ ನೋಡಿ ಯಲ್ಲಪ್ಪನನ್ನು ಕರೆಯೋಣವೆಂದು ಕಾದಿದ್ದರು. ಮೇಸ್ತ್ರಿಯ ಕೈಕೆಳಗೆ ಹನ್ನೊಂದು ವರ್ಷ ದುಡಿದ ಮೇಲೆ ತನ್ನ ಹೆಸರಿನಲ್ಲಿ ಅವನು ಹಿಡಿದ ಮೊದಲ ಕೆಲಸ ಇದು.

"ಹಸಿ ಇರಬಹುದ್ರಿ ಸಾಹೇಬ್ರ, ಆದ್ರ ತಂಪ್ ನೋಡ್ರಿ ಹೆಂಗೈತಿ!" ಎಂದ ಯಲ್ಲಪ್ಪ. "ಕೆಂಗೇರ್ಯಾಗ ಇಂಥಾದ ಹುಲ್ಲು ಹಾಸುವಾಗ ಅಂಗಾಲಿಗೆ ಗುಳ್ಳಿ ಎದ್ದಿದ್ವು. ಇಲ್ಲಿ ಮಟಮಟ ಮಧ್ಯಾಹ್ನ ಬರಿಗಾಲಾಗ ಅಡ್ಡಾಡಾಕತ್ತೀನಿ. ಕೆಳಗ ಜಲ್ಲಿ ಹಾಕೀನಲ್ರೀ, ಅದರ ಗುಣ."

ಬರಿಗಾಲು ಕಾಂತರಾಜು ಮಾಡಿದ ಕಾನೂನು. ಹೊಸ ಹುಲ್ಲಿನ ಮೇಲೆ ಚಪ್ಪಲಿ ಕೂಡದು.

ಜಗಲಿಯ ಮೇಲಿಂದ ಅವರ ತಾಯಿ ಅಕ್ಕಯ್ಯಮ್ಮ ಕಿಸಕ್ಕನೆ ನಕ್ಕರು. ಆಕೆಗೆ ಈ ಹುಲ್ಲು ಕಂಡರಾಗದು. ಹಾಸಿದ ದಿನ ಒಂದು ಕಾಲಿಟ್ಟವರು ಸರಕ್ಕನೆ ಹಿಂದೆ ಎಳೆದುಕೊಂಡು, "ರೊಟ್ಟಿ ಹೆಂಚು ಕಣ್ಲಾ ಇದು! ಹಸುನೂ ತಿನ್ನಲ್ಲ, ಕತ್ತೆನೂ ಹೊರಳಲ್ಲ. ನಾನಂತೂ ಇದರ ಮೇಲೆ ಕಾಲಿಡಲ್ಲ" ಎಂದು ಜಗಲಿ ಹತ್ತಿ ಕೂತಿದ್ದರು.

ಬುಧವಾರ ಕಾಂತರಾಜು ಚಿಕ್ಕಮುನಿಯಪ್ಪನನ್ನು ಕರೆತಂದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು ಅಂತರ್ಜಲ ಹುಡುಕುವ ಮನುಷ್ಯ. ಒದ್ದೆ ಪಟ್ಟಿಯುದ್ದಕ್ಕೂ ಕಾಯಿ ಸಲಾಮು ಹೊಡೆಯುವಂತೆ ಎದ್ದು ನಿಂತಿತು.

"ಸೆಲೆ ಕಣಪ್ಪಾ. ಮಧ್ಯಾಹ್ನದ ಹೊತ್ತು ಉಕ್ಕೋ ಸೆಲೆ. ಬೋರ್ ಹಾಕ್ಸು."

"ಕಾಯಿ ಇಲ್ಲೇ ಕೊಟ್ಟೋಗು, ಚಟ್ನಿಗಾಯ್ತದೆ," ಎಂದರು ಅಕ್ಕಯ್ಯಮ್ಮ.

ಯಲ್ಲಪ್ಪ ಮಾತ್ರ ನಂಬಲಿಲ್ಲ. ಗಡಿಯಾರ ನೋಡಿಕೊಂಡು ಉಕ್ಕುವ ಸೆಲೆಯನ್ನು ಅವನು ಕಂಡಿರಲಿಲ್ಲ. ಹನ್ನೊಂದೂವರೆಗೆ ಹುಲ್ಲು ಗರಿಗರಿ ಒಣಗಿರುತ್ತಿತ್ತು. ಟೀ ಕುಡಿದು ಬರುವಷ್ಟರಲ್ಲಿ ಒದ್ದೆ. ಟೀಗೆ ಕಳಿಸುತ್ತಿದ್ದವರು ಯಾರು?

"ಏ ಯಲ್ಲಪ್ಪ, ಹೋಗ್ಲಾ, ಟೀ ಕುಡ್ಕೊಂಡು ಬಾ. ನಿನ್ನ ಮುಖ ನೋಡಿ ನೋಡಿ ಸಾಕಾಯ್ತು." ದಿನವೂ ಅದೇ ಹೊತ್ತಿಗೆ, ಅದೇ ಜಗಲಿಯಿಂದ. ಸಂಜೆ ಹೊರಡುವಾಗ ಇನ್ನೊಂದು ಪ್ರಶ್ನೆ: "ನಾಳೆನೂ ಬರ್ತೀಯೇನ್ಲಾ?" ಮೊದಲು ಅದು ಪ್ರೀತಿ ಎನಿಸಿತ್ತು. ಈಗ ಅದಕ್ಕೂ ಕೆಸರಿನ ವಾಸನೆ. ಹುಲ್ಲು ಕೀಳಿಸಲು ಮುದುಕಿ ಹೂಡಿದ ಆಟದಲ್ಲಿ ಹುಲ್ಲಿನ ಜೊತೆ ತನ್ನ ಹೆಸರೂ ಕಿತ್ತುಹೋಗಲಿತ್ತು.

ಶನಿವಾರ ಅವನು ಟೀಗೆ ಹೋದಂತೆ ಮಾಡಿ, ಬೀದಿಯಲ್ಲಿ ನಿಂತಿದ್ದ ನೀರಿನ ಟ್ಯಾಂಕರ್ ಹಿಂದಿನಿಂದ ಇಣುಕಿದ. ಅಕ್ಕಯ್ಯಮ್ಮ ಸೆರಗು ಸಿಕ್ಕಿಸಿ, ಜಗಲಿಯ ತುದಿಯಲ್ಲಿ ನಿಂತು, ನಲ್ಲಿಗೆ ಸಿಕ್ಕಿಸಿದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಸಸಿಮಡಿಗೆ ಹಾಯಿಸುವಷ್ಟು ಜೋಪಾನವಾಗಿ ನೀರು ಬಿಡುತ್ತಿದ್ದರು.

ಯಲ್ಲಪ್ಪ ಫೋನ್ ಮಾಡಿದ. ಐದೇ ನಿಮಿಷಕ್ಕೆ ಕಾಂತರಾಜು ಹಾಜರು.

"ಅಮ್ಮಾ! ನೀನಾ?"

"ಹೂಂ ಕಣ್ಲಾ, ನಾನೇ. ಪ್ಲಾಸ್ಟಿಕ್ಕಿಗೆ ಬಾಯಾರಿತ್ತು, ಕುಡಿಸ್ದೆ."

"ಒಂದು ವಾರದಿಂದ ಈ ಮನುಷ್ಯನ ಹೊಟ್ಟೆ ಮೇಲೆ ಹೊಡೀತಾ ಇದೀಯಲ್ಲಮ್ಮಾ! ಇವತ್ತು ಇದು ಗೊತ್ತಾಗ್ದೇ ಇದ್ದಿದ್ರೆ ಇವನ ಕೆಲಸಕ್ಕೇ ಕಲ್ಲು ಬೀಳ್ತಿತ್ತು, ಗೊತ್ತಾ?"

ಅಕ್ಕಯ್ಯಮ್ಮನಿಗೆ ಅದು ಗೊತ್ತಿರಲಿಲ್ಲವೆಂದು ಮುಖವೇ ಹೇಳಿತು. ಯಲ್ಲಪ್ಪನ ಕಡೆ ನೋಡಿದರು. ಪೈಪು ಕೆಳಗಿಟ್ಟು ಒಳಗೆ ಹೋದರು.

ಕಾಂತರಾಜು ಪೈಪನ್ನು ಸುರುಳಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದರು. ಎರಡು ಗಂಟೆಗೆ ಕಾಲುಚೀಲದಲ್ಲಿ ಅಂಗಳವೆಲ್ಲ ಸುತ್ತಿ, ಆರು ಕಡೆ ಟಿಶ್ಯೂ ಒತ್ತಿದರು. ಆರೂ ಒಣ. ಫೋಟೋ ಗ್ರೂಪಿಗೆ ಹೋಯಿತು: "ಜೇಡಿಮಣ್ಣಿಗೆ ಒಬ್ಬನೇ ಡಾಕ್ಟರ್, ಯಲ್ಲಪ್ಪ. ನಂಬರ್ ಕೆಳಗಿದೆ." ಹತ್ತು ನಿಮಿಷದಲ್ಲಿ ಆ ಮೂರೂ ಮನೆಯವರ ಫೋನ್ ಬಂತು. ಕಾಂತರಾಜು ಅವನ ಕೈ ಕುಲುಕಿ ಅಂಗಡಿಗೆ ಹೊರಟರು.

ಗೆದ್ದ ಯಲ್ಲಪ್ಪ ಗೇಟಿನ ಬಳಿ ಚಪ್ಪಲಿ ಬಿಟ್ಟು, ಕೈ ತೊಳೆಯಲು ಎದೆ ಸೆಟೆಸಿ ಹೊರಟ. ಮೂರನೇ ಹೆಜ್ಜೆಗೆ, "ಯವ್ವಾ!" ಎಂದು ಎಗರಿದ. ಒಂದು ಕಾಲು ಎತ್ತಿದರೆ ಇನ್ನೊಂದು ಸುಡುತ್ತಿತ್ತು. ಕಾದ ಹೆಂಚಿನ ಮೇಲಿನ ಸಾಸಿವೆಯಂತೆ ಸಿಡಿಯುತ್ತ, ವಾರವಿಡೀ ತಾನು ನಡೆದ, ನಿನ್ನೆಯವರೆಗೂ ಈ ಹೊತ್ತಿಗೆ ಒದ್ದೆಯಾಗಿ ತಣ್ಣಗಿರುತ್ತಿದ್ದ ದಾರಿಯಲ್ಲೇ ಓಡಿದ: ಗೇಟಿನಿಂದ ನಲ್ಲಿಗೆ, ನಲ್ಲಿಯಿಂದ ಜಲ್ಲಿ ಗುಡ್ಡೆಗೆ, ಅಲ್ಲಿಂದ ಹೊಂಗೆಮರದ ನೆರಳಿಗೆ.

ಅಕ್ಕಯ್ಯಮ್ಮ ಜಗಲಿ ಇಳಿದು, ಬರಿಗಾಲಿನಲ್ಲೇ ಆ ಹುಲ್ಲು ದಾಟಿ ಬಂದು, ಚೊಂಬಿನ ನೀರನ್ನು ಅವನ ಕಾಲಿಗೆ ಸುರಿದು, ಮುದ್ದೆ ಸೊಪ್ಪಿನ ಸಾರಿನ ತಟ್ಟೆಯನ್ನು ಕೈಗಿಟ್ಟರು.